ಟಿವಿಗೆ ಬಟ್ಟೆ ಮುಚ್ಚಿದ ಸಂಡೇ ಸ್ಕೂಲ್: ಬಾಗಲಕೋಟೆಯ ಒಂದು ಪ್ರಕರಣ ಅಧ್ಯಯನ

"ಅದು ನೋಡೇವ್ರಿ ಅಕ್ಕೋರ."

ಸತ್ಯವೇದದಲ್ಲಿ (ಬೈಬಲ್) ಬರುವ, ಹುಡುಗ ದಾವೀದ ದೈತ್ಯ ಗೊಲ್ಯಾತನನ್ನು ಕೆಡವಿದ ಕಥೆ ಶುರುವಾಗುವ ಮೊದಲೇ ಒಂಬತ್ತು ವರ್ಷದ ಹುಡುಗಿ ಹೇಳಿದ ಮಾತಿದು. ಉಳಿದವರೂ ತಲೆಯಾಡಿಸಿದರು. ಸರಿ, ಏನು ನೋಡಿದಿರಿ ಎಂದು ಕೇಳಿದರೆ ಗೊಲ್ಯಾತನ ಶಿರಸ್ತ್ರಾಣದ ಬಣ್ಣ, ಅವನು ಬಿದ್ದಾಗ ಎದ್ದ ಧೂಳು, ಹಿಂದೆ ಕೇಳಿದ ಡೋಲಿನ ಸದ್ದು ಎಲ್ಲ ಬಂತು. ಅರಸ ಸೌಲ ತನ್ನ ಯುದ್ಧಕವಚ ತೊಡಿಸಿದಾಗ ದಾವೀದ ಅದನ್ನು ಯಾಕೆ ಬಿಚ್ಚಿಟ್ಟ ಎಂಬ ಪ್ರಶ್ನೆಗೆ 20 ಮಕ್ಕಳಲ್ಲಿ ಒಬ್ಬರಿಂದಲೂ ಉತ್ತರ ಬರಲಿಲ್ಲ. ಆ ಕಥೆಯ ಜೀವ ಇರುವುದೇ ಅಲ್ಲಿ.

ಇದು ನವನಗರದ ಒಂದು ಪ್ರೊಟೆಸ್ಟಂಟ್ ಸಭೆಯ (ಚರ್ಚಿನ) ಸಂಡೇ ಸ್ಕೂಲಿನ, ಅಂದರೆ ಭಾನುವಾರ ಮಕ್ಕಳಿಗೆ ಸತ್ಯವೇದ ಕಲಿಸುವ ತರಗತಿಯ ಪ್ರಕರಣ. ಜಿಲ್ಲೆಯ ಬೇರೆ ಬೇರೆ ಸಭೆಗಳಲ್ಲಿ ಕಾಣುವುದನ್ನು ಒಂದೇ ಸಭೆಯ ಚಿತ್ರವಾಗಿ ಹೆಣೆದು ಇಲ್ಲಿ ಕೊಟ್ಟಿದೆ. ಹಾಜರಿ, ಖರ್ಚುಗಳ ಅಂಕಿಗಳು ಈ ಚಿತ್ರಕ್ಕಷ್ಟೇ ಸೇರಿದವು.

ಪರಿಸ್ಥಿತಿ

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಭಾಗಗಳು ಮುಳುಗಿದಾಗ ಕಟ್ಟಿದ ಊರು ನವನಗರ. ಸೆಕ್ಟರ್ ಲೆಕ್ಕದ ಬಡಾವಣೆ, ಅಗಲ ರಸ್ತೆ, ಮನೆಯಿಂದ ಮನೆಗೆ ದೂರ. ಹಳೆ ಓಣಿಯಲ್ಲಿ ಮಕ್ಕಳು ಕಟ್ಟೆಯ ಮೇಲೆ ಆಡುತ್ತ ದೊಡ್ಡವರ ಕಣ್ಣಳತೆಯಲ್ಲೇ ಬೆಳೆಯುತ್ತಿದ್ದರು. ಇಲ್ಲಿ ಶಾಲೆಯ ವ್ಯಾನ್ ಇಳಿಸಿದ ಮೇಲೆ ಬಾಗಿಲು ಹಾಕಿಕೊಂಡರೆ ಕೈಗೆ ಸಿಗುವುದು ಮೊಬೈಲ್. ಸಭೆಯ ಕುಟುಂಬಗಳಲ್ಲಿ ಸರ್ಕಾರಿ ನೌಕರರು, ನರ್ಸ್‌ಗಳು, ಶಿಕ್ಷಕರು, ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವವರು ಇದ್ದಾರೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 19ನೇ ಶತಮಾನದಲ್ಲಿ ನೆಲೆ ಹೂಡಿದ ಗುಳೇದಗುಡ್ಡದ ಕಡೆಯಿಂದ ಬಂದ ಮನೆಗಳೂ ಇವೆ.

ಸಂಡೇ ಸ್ಕೂಲಿನ ಪಟ್ಟಿಯಲ್ಲಿ 4ರಿಂದ 14 ವರ್ಷದ 34 ಮಕ್ಕಳು. ಶಿಕ್ಷಕರು ಮೂವರು. ಆರಾಧನೆಗೆ ಮುಂಚೆ 45 ನಿಮಿಷದ ತರಗತಿ, ಎಲ್ಲರಿಗೂ ಒಂದೇ ಕೋಣೆ. ಮಕ್ಕಳನ್ನು ಹಿಡಿದು ಕೂಡಿಸುವುದೇ ಕಷ್ಟವಾದಾಗ ಒಂದು ಕುಟುಂಬ ತಮ್ಮ ಹಿರಿಯರ ನೆನಪಿಗೆ 43 ಇಂಚಿನ ಸ್ಮಾರ್ಟ್ ಟಿವಿ ಕೊಟ್ಟಿತು. ಕೊಟ್ಟವರ ಮನಸ್ಸು ಶುದ್ಧವಾಗಿತ್ತು. ಮಕ್ಕಳು ಮೊಬೈಲಿಗೆ ಒಲಿದಿದ್ದಾರೆ, ದೇವರ ವಾಕ್ಯವನ್ನೂ ಅದೇ ರೂಪದಲ್ಲಿ ಕೊಟ್ಟರೆ ಕೇಳಿಯಾರು ಎಂಬುದು ಅವರ ಆಸೆ.

ಮೊದಲ ತಿಂಗಳು ಹಾಜರಿ 25ರಿಂದ 31ಕ್ಕೆ ಏರಿತು. ಆರನೇ ತಿಂಗಳಿಗೆ 20ಕ್ಕೆ ಇಳಿಯಿತು. ಇದಕ್ಕಿಂತ ಕಳವಳದ ಸಂಗತಿ ಇನ್ನೊಂದಿತ್ತು. ಹೋದ ವಾರದ ಕಥೆಯನ್ನು ತಮ್ಮ ಮಾತಿನಲ್ಲಿ, ಕನಿಷ್ಠ ಮೂರು ಘಟನೆ ಬಿಡದೆ ಹೇಳಬಲ್ಲ ಮಕ್ಕಳು ಆ ಇಪ್ಪತ್ತರಲ್ಲಿ ನಾಲ್ವರೇ.

ಎಲ್ಲಿ ಹದ ತಪ್ಪಿತ್ತು

ಸಭಾಪಾಲಕರು ಮತ್ತು ಶಿಕ್ಷಕರು ನಾಲ್ಕು ಭಾನುವಾರ ಗಡಿಯಾರ ಹಿಡಿದು ಕೂತು ಬರೆದಿಟ್ಟರು. ಹತ್ತು ನಿಮಿಷದ ವಿಡಿಯೊಗೆ ನಿಜವಾಗಿ ಹಿಡಿಯುತ್ತಿದ್ದದ್ದು 20ರಿಂದ 22 ನಿಮಿಷ. ಯಾರದೋ ಮೊಬೈಲಿನಿಂದ ಹಾಟ್‌ಸ್ಪಾಟ್, ಲಿಂಕ್ ಹುಡುಕಾಟ, ಸುತ್ತುತ್ತ ನಿಲ್ಲುವ ಚಕ್ರ, ನಡುವೆ ಜಾಹೀರಾತು. ಮೋಶೆ ಕೆಂಪು ಸಮುದ್ರದ ದಂಡೆಯಲ್ಲಿ ನಿಂತಾಗ ಹಣ ಕಟ್ಟಿ ಆಡುವ ಆಟದ ಜಾಹೀರಾತು ಬಂದ ದಿನವೂ ಉಂಟು. ವಿಡಿಯೊ ಮುಗಿದೊಡನೆ ಮುಂದಿನದು ತಾನೇ ಶುರುವಾಗುತ್ತಿತ್ತು. "ಇನ್ನೊಂದ್ ಹಚ್ರಿ" ಎಂಬ ಗದ್ದಲದಲ್ಲಿ ಪ್ರಶ್ನೆ ಕೇಳುವ ಹೊತ್ತೇ ಉಳಿಯುತ್ತಿರಲಿಲ್ಲ.

ಇವಿಷ್ಟೂ ಪೆನ್‌ಡ್ರೈವ್ ಇದ್ದರೆ ಬಗೆಹರಿಯುವ ತೊಡಕು. ಬಗೆಹರಿಯದ್ದು ಬೇರೆಯೇ. ಟಿವಿ ಹಚ್ಚಿದೊಡನೆ ಮೂವರಲ್ಲಿ ಇಬ್ಬರು ಶಿಕ್ಷಕರು ಹಿಂದಿನ ಬೆಂಚಿಗೆ ಹೋಗುತ್ತಿದ್ದರು. ಒಬ್ಬರು ಕಾಣಿಕೆಯ ಲೆಕ್ಕ ಬರೆಯುವರು, ಒಬ್ಬರು ಫೋನ್ ನೋಡುವರು. ಮಗುವಿನ ಮುಖ ನೋಡುವ ದೊಡ್ಡವರು ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ. ವಾರವಿಡೀ ಮನೆಯಲ್ಲಿ ಆಗುತ್ತಿದ್ದದ್ದೇ ಇಲ್ಲೂ ಆಯಿತು: ಪರದೆ ಮುಂದೆ ಮಗು, ಬೇರೆಲ್ಲೋ ದೊಡ್ಡವರು.

ಈ ಪ್ರಕರಣದ ತಿರುಳು ಇದೇ ಎಂದು ನಮ್ಮ ದೃಢವಾದ ಅಭಿಪ್ರಾಯ. ಒಳ್ಳೆಯ ಚಿತ್ರ, ಒಳ್ಳೆಯ ಸಂಗೀತದಲ್ಲಿ ಚರ್ಚು ಯೂಟ್ಯೂಬನ್ನು ಮೀರಿಸಲಾರದು, ಮೀರಿಸಬೇಕಾಗಿಯೂ ಇಲ್ಲ. ಮಗುವಿನ ಹೆಸರು, ಅದರ ಮನೆ, ಹೋದ ವಾರ ಬಂದಿದ್ದ ಜ್ವರ ಗೊತ್ತಿರುವ, ಅದು ತೊದಲುತ್ತ ಉತ್ತರ ಹೇಳುವವರೆಗೆ ಕಾಯುವ ಒಬ್ಬ ಮನುಷ್ಯ ಚರ್ಚಿನಲ್ಲಿದ್ದಾರೆ. ಆಲ್ಗಾರಿದಂ ಯಾವ ಮಗುವಿಗೂ ಕಾಯುವುದಿಲ್ಲ.

ಸಂಡೇ ಸ್ಕೂಲ್ ಹುಟ್ಟಿದ್ದೂ ಇಂಥ ಕೊರತೆ ತುಂಬಲೆಂದೇ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರಿನಲ್ಲಿ ರಾಬರ್ಟ್ ರೇಕ್ಸ್ ಅದನ್ನು ಆರಂಭಿಸಿದ್ದು ವಾರದ 6 ದಿನ ದುಡಿಯುವ ಮಕ್ಕಳಿಗಾಗಿ. ಅಕ್ಷರವನ್ನೂ ದೇವರ ವಾಕ್ಯವನ್ನೂ ಅಲ್ಲಿ ಒಟ್ಟಿಗೇ ಕಲಿಸಿದರು. ಭಾರತದಲ್ಲಿ ಸಂಡೇ ಸ್ಕೂಲ್ ಯೂನಿಯನ್ 1876ರಲ್ಲಿ ರೂಪುಗೊಂಡಿತು. ಅಂದು ಮಕ್ಕಳ ಆರು ದಿನಗಳನ್ನು ಕಾರ್ಖಾನೆ ನುಂಗುತ್ತಿತ್ತು. ಇಂದು ಅವರ ಸಂಜೆಗಳನ್ನು ಪರದೆ ನುಂಗುತ್ತಿದೆ.

ಕೋಣೆ ಬದಲಾದ ಬಗೆ

ಮೊದಲ ಹೆಜ್ಜೆಯಾಗಿ ಮಕ್ಕಳನ್ನು ಮೂರು ಗುಂಪು ಮಾಡಿದರು: 4–6 ವರ್ಷದ 9 ಮಂದಿ, 7–10ರ 14 ಮಂದಿ, 11–14ರ 11 ಮಂದಿ. ಚಿಕ್ಕವರು ಪಡಸಾಲೆಯಲ್ಲಿ ಚಾಪೆಯ ಮೇಲೆ, ನಡುವಿನವರು ಹಳೇ ಕೋಣೆಯಲ್ಲಿ, ದೊಡ್ಡವರು ಹೊರಗೆ ಬೇವಿನ ಮರದಡಿ. ಏಪ್ರಿಲ್–ಮೇ ತಿಂಗಳಲ್ಲಿ ಮರದಡಿ ಕೂಡಲಾಗದು, ಆಗ ತರಗತಿಯನ್ನು ಅರ್ಧ ಗಂಟೆ ಮುಂಚೆ ಇಟ್ಟುಕೊಂಡರು.

ಗುಂಪಿಗೆ ಇಬ್ಬರಂತೆ 6 ಶಿಕ್ಷಕರು ಬೇಕಾದರು. ಯುವಜನ ಸಂಘದಿಂದ ಇಬ್ಬರು, ಸ್ತ್ರೀಯರ ಸಂಘದಿಂದ ಒಬ್ಬರು ಬಂದರು. ಒಬ್ಬರು ಕಥೆ ಹೇಳುವಾಗ ಇನ್ನೊಬ್ಬರು ಮಕ್ಕಳ ನಡುವೆಯೇ ನೆಲದ ಮೇಲೆ ಕೂಡಬೇಕು. ಶಿಕ್ಷಕರ ಫೋನುಗಳೆಲ್ಲ ಬಾಗಿಲ ಬಳಿಯ ಬುಟ್ಟಿಗೆ. ತುರ್ತು ಕರೆಗಾಗಿ ಒಬ್ಬರ ಫೋನ್ ಮಾತ್ರ ಹೊರಗೆ.

45 ನಿಮಿಷವನ್ನು ಹೀಗೆ ಹಂಚಿಕೊಂಡರು. ಬಾಗಿಲಲ್ಲೇ ಹೆಸರು ಹಿಡಿದು ಮಾತಾಡಿಸಲು 5, ಹಾಡಿಗೆ 8, ಕಥೆಗೆ 12, ಕೈಕೆಲಸ ಅಥವಾ ಅಭಿನಯಕ್ಕೆ 10, ಕಂಠಪಾಠಕ್ಕೆ 5, ಪ್ರಾರ್ಥನೆಗೆ 5. ಬಾಗಿಲ ಬಳಿಯ ಆ ಐದು ನಿಮಿಷವನ್ನು ಯಾವ ಕಾರಣಕ್ಕೂ ಬಿಡಬಾರದು. "ಯಾಕ ಬಾಳ ದಿನಾ ಬಂದಿಲ್ಲ?" ಎಂದು ಕೇಳಿದರೆ ಮಗು ಮುದುಡುತ್ತದೆ. "ಬಂದೆಲ್ಲಾ, ಭಾಳ ಚಲೋ ಆತು" ಎಂದರೆ ಅದೇ ಮಗು ಮುಂದೆ ಬಂದು ಕೂಡುತ್ತದೆ.

ಕಥೆಯ ತಯಾರಿ ಸೋಮವಾರದಿಂದಲೇ. ಸತ್ಯವೇದದ ಭಾಗವನ್ನು ಮೂರು ಸಲ ಓದುವುದು, ನಾಲ್ಕಕ್ಕಿಂತ ಹೆಚ್ಚಿಲ್ಲದಂತೆ ದೃಶ್ಯ ಮಾಡುವುದು, ಬುಧವಾರ ಪುಸ್ತಕ ಮುಚ್ಚಿ ಗಟ್ಟಿಯಾಗಿ ಹೇಳಿ ನೋಡುವುದು, ಶನಿವಾರ ಸಾಮಾನು ಜೋಡಿಸುವುದು. ವಚನವನ್ನು ಮಾತ್ರ ಸತ್ಯವೇದದಲ್ಲಿ ಇದ್ದ ಹಾಗೆಯೇ ಓದಬೇಕು. ಕಥೆ ಮನೆಮಾತಿನಲ್ಲಿರಲಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಗ್ರಾಂಥಿಕ ಕನ್ನಡದ ಡಬ್ಬಿಂಗ್ ಅರ್ಧ ದಕ್ಕುತ್ತಿರಲಿಲ್ಲ. ಅದೇ ಕಥೆಯನ್ನು "ಅಂವಾ ಅಲ್ಲೇ ನಿಂತ್ಕೊಂಡ, ಹಿಂದ ತಿರುಗಿ ನೋಡ್ದ" ಎಂದು ಹೇಳಿದಾಗ ಕತ್ತು ಎತ್ತಿ ಕೇಳಿದರು.

ಕಥೆ ಮುಗಿದ ಮೇಲೆ ಒಂದೇ ತೆರೆದ ಪ್ರಶ್ನೆ. ಕೇಳಿದ ಬಳಿಕ ಮನಸ್ಸಿನಲ್ಲಿ ಏಳರವರೆಗೆ ಎಣಿಸಬೇಕು. ಶಿಕ್ಷಕರಿಗೆ ಅತಿ ಕಷ್ಟವಾದದ್ದು ಇದು. ಎರಡು ಸೆಕೆಂಡಿಗೇ ಮೌನ ತಾಳದೆ ಉತ್ತರವನ್ನು ತಾವೇ ಹೇಳಿಬಿಡುತ್ತಿದ್ದರು. ನಾಚಿಕೆಯ ಮಕ್ಕಳು ಬಾಯಿ ತೆರೆಯುವುದು ಸಾಮಾನ್ಯವಾಗಿ ಐದಾರು ಸೆಕೆಂಡ್ ಕಳೆದ ಮೇಲೆ.

ಕಥೆಯ ಚಿತ್ರಗಳನ್ನು ಅಂಟಿಸಿ ತೋರಿಸುವ ಫ್ಲ್ಯಾನಲ್ ಬೋರ್ಡನ್ನು ಅಟ್ಟದಿಂದ ಇಳಿಸಿದರು. 3 ಅಡಿ ಉದ್ದ, 2 ಅಡಿ ಅಗಲದ ಪ್ಲೈವುಡ್ಡಿಗೆ ಬಿಗಿಯಾಗಿ ಎಳೆದು ಹೊಡೆದ ಉಣ್ಣೆ ಬಟ್ಟೆ, ಕಾಗದದ ಚಿತ್ರಗಳ ಬೆನ್ನಿಗೆ ಅಂಟಿಸಿದ ಪಾಲಿಶ್ ಪೇಪರಿನ ತುಂಡು. ಬೋರ್ಡನ್ನು ನೆಟ್ಟಗೆ ನಿಲ್ಲಿಸಿದರೆ ಫ್ಯಾನಿನ ಗಾಳಿಗೆ ಅಬ್ರಹಾಮನೂ ಒಂಟೆಯೂ ಒಟ್ಟಿಗೇ ಉದುರುತ್ತವೆ. ಸ್ವಲ್ಪ ಹಿಂದಕ್ಕೆ ವಾಲಿಸಿ ಇಟ್ಟರೆ ನಿಲ್ಲುತ್ತವೆ.

ಬಿತ್ತುವವನ ಸಾಮ್ಯ: ಒಂದು ಪಾಠ ಹತ್ತಿರದಿಂದ

7–10ರ ಗುಂಪಿಗೆ ಮತ್ತಾಯ 13ನೇ ಅಧ್ಯಾಯದ ಪಾಠ. ಒಬ್ಬ ಬಿತ್ತಿದ ಬೀಜ ದಾರಿ, ಕಲ್ಲುನೆಲ, ಮುಳ್ಳು, ಒಳ್ಳೆಯ ನೆಲದಲ್ಲಿ ಬಿದ್ದು ಏನಾಯಿತೆಂದು ಯೇಸು ಹೇಳಿದ ಸಾಮ್ಯ (ದೃಷ್ಟಾಂತ ಕಥೆ) ಅದು. ನಾಲ್ಕು ಮಣ್ಣಿನ ಬೋಗುಣಿಗಳು: ಮೊದಲನೆಯದರಲ್ಲಿ ಬಡಿದು ಗಟ್ಟಿ ಮಾಡಿದ ಮಣ್ಣು, ಎರಡನೆಯದರಲ್ಲಿ ಚಪ್ಪಟೆ ಕಲ್ಲಿನ ಮೇಲೆ ಅರ್ಧ ಇಂಚು ಮಣ್ಣು, ಮೂರನೆಯದರಲ್ಲಿ ಬೇರುಸಹಿತ ಕರಿಕೆ ಹುಲ್ಲು, ನಾಲ್ಕನೆಯದರಲ್ಲಿ ಸಡಿಲ ಎರೆ ಮಣ್ಣು. ಕಥೆಯಲ್ಲಿ ಇರುವುದು ಮುಳ್ಳು, ಮಕ್ಕಳ ಕೈಗೆ ಜಾಲಿ ಮುಳ್ಳು ಕೊಡಲಾಗದೆ ಕರಿಕೆ ಬಳಸಿದ್ದು. ಅದನ್ನು ಮಕ್ಕಳಿಗೂ ಹೇಳಿದರು. ಬೋಗುಣಿಗೆ 10 ಕಾಳು ಜೋಳ.

ಇಲ್ಲೊಂದು ಎಚ್ಚರಿಕೆ. ಅಂಗಡಿಯ ಬಿತ್ತನೆ ಬೀಜದ ಪಾಕೀಟು ತರಬಾರದು. ಅದಕ್ಕೆ ಔಷಧ ಲೇಪಿಸಿ ಬಣ್ಣ ಕೊಟ್ಟಿರುತ್ತಾರೆ, ಚಿಕ್ಕವರು ಕೈ ಬಾಯಿಗೆ ಹಾಕುತ್ತಾರೆ. ಮನೆಯ ಜೋಳವೇ ಸಾಕು. ಶನಿವಾರ ರಾತ್ರಿ ಒಂದು ಹಿಡಿ ನೆನೆಸಿಟ್ಟು ಜಳ್ಳು ತೇಲಿಸಿ ತೆಗೆಯಬೇಕು.

ಪಾಠದ ನಡುವೆ ಒಬ್ಬ ಹುಡುಗ ಕೇಳಿದ: "ಅಂವಾ ಹಾದ್ಯಾಗ ಯಾಕ ಬೀಜಾ ಚೆಲ್ಲಿದಾರಿ? ಕೂರಿಗಿ ಇರಲಿಲ್ಲೇನು?" ವಿಡಿಯೊ ನೋಡಿದ ಆರು ತಿಂಗಳಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳವನ್ನು ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುತ್ತಾರೆ, ಬೀಜ ದಾರಿಗೆ ಬೀಳುವುದೇ ಇಲ್ಲ. ಯೇಸು ಕಂಡ ರೈತ ಕೈಯಿಂದ ಎರಚಿ ಬಿತ್ತುವವನು. ಅಲ್ಲಿ ಹೊಲದ ಅಂಚಿನ ಕಾಲುದಾರಿಗೂ ಕಾಳು ಬೀಳುವುದು ಸಹಜ. ಶಿಕ್ಷಕಿ ಇದನ್ನು ವಿವರಿಸಿ, ಒಂದು ಹಿಡಿ ಜೋಳವನ್ನು ಅಂಗಳದಲ್ಲಿ ಎರಚಲು ಆ ಹುಡುಗನ ಕೈಗೇ ಕೊಟ್ಟರು. ಕಾಳು ಎಲ್ಲೆಲ್ಲಿ ಬಿತ್ತೆಂದು ಮಕ್ಕಳೇ ಹುಡುಕಿದರು. ಮೆಟ್ಟಿಲ ಮೇಲೆ ಬಿದ್ದದ್ದನ್ನು ಐದು ನಿಮಿಷದಲ್ಲಿ ಗುಬ್ಬಿಗಳು ಹೆಕ್ಕಿದವು. ಆಮೇಲೆ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ.

ತಪ್ಪಿದ್ದು ಮುಂದಿನ ವಾರ. ನಾಲ್ಕೂ ಬೋಗುಣಿಗಳನ್ನು ಪಡಸಾಲೆಯ ನೆರಳಲ್ಲಿಟ್ಟು ದಿನಾ ನೀರು ಹಾಕಿದ್ದರಿಂದ ಕಲ್ಲಿನ ಮೇಲಿನ ಸಸಿಯೂ ಹಸಿರಾಗೇ ನಿಂತಿತ್ತು! ಬೇರಿಲ್ಲದ್ದು ಬಾಡಬೇಕಾದರೆ ಬಿಸಿಲಿಗೆ ಇಡಬೇಕು, ನೀರು ಕಡಿಮೆ ಹಾಕಬೇಕು. ಎರಡನೇ ವಾರ ಬಿಸಿಲಿಗೆ ಇಟ್ಟ ಮೇಲೆ ಕಲ್ಲಿನ ಬೋಗುಣಿಯ ಸಸಿಗಳು ಮೊದಲು ಒಣಗಿದವು. ಹಾಗಾಗಿ ಈ ಪಾಠಕ್ಕೆ ಮೂರು ಭಾನುವಾರ ಮೀಸಲಿಡುವುದು ಒಳ್ಳೆಯದು. ಒಳ್ಳೆಯ ನೆಲದ ಬೀಜ ನೂರರಷ್ಟು, ಅರವತ್ತರಷ್ಟು, ಮೂವತ್ತರಷ್ಟು ಫಲ ಕೊಟ್ಟಿತು ಎಂಬಲ್ಲಿ ಗೋಧಿ ತೆನೆ ಕೊಟ್ಟು ಕಾಳು ಎಣಿಸಲು ಹೇಳಿ. ಜೋಳದ ತೆನೆ ಕೊಟ್ಟರೆ ನೂರು ದಾಟಿ ಎಣಿಸುತ್ತಲೇ ಇರುತ್ತಾರೆ, ಸಮಯ ಸಾಲದು.

ಕಂಠಪಾಠ

ಹಿಂದೆ ವಾರಕ್ಕೊಂದು ವಚನ, ಹೇಳಿದವರಿಗೆ ಚಾಕಲೇಟು. ಚಾಕಲೇಟು ಬಾಯಲ್ಲಿ ಕರಗುವಷ್ಟರಲ್ಲಿ ವಚನವೂ ಕರಗಿರುತ್ತಿತ್ತು. ಈಗ ಎರಡು ವಾರಕ್ಕೊಂದು. ಬೋರ್ಡಿನ ಮೇಲೆ ಬರೆದು ಎಲ್ಲರೂ ಓದಿ, ಒಂದು ಪದ ಅಳಿಸಿ ಮತ್ತೆ ಓದಿ, ಹೀಗೆ ಬೋರ್ಡು ಖಾಲಿಯಾಗುವವರೆಗೆ. ಎರಡು ವಾರ, ನಾಲ್ಕು ವಾರದ ನಂತರ ಮತ್ತೆ ಕೇಳುವುದು. ದೇವರನ್ನು ಕುರುಬನೆಂದು ಹಾಡುವ 23ನೇ ಕೀರ್ತನೆಯಂಥದನ್ನು ಕಲಿಸುವಾಗ ನಮ್ಮ ಕಡೆಯ ಮಕ್ಕಳು ಕುರಿ ಹಿಂಡನ್ನೂ ಕಂಬಳಿ ಹೊದ್ದ ಕುರುಬರನ್ನೂ ರಸ್ತೆಯಲ್ಲೇ ಕಂಡಿರುತ್ತಾರೆ. ಅಲ್ಲಿಂದಲೇ ಶುರು ಮಾಡಬೇಕು.

ದೊಡ್ಡ ಮಕ್ಕಳ ಮುಂದೆ ಪರದೆಯನ್ನೇ ಇಟ್ಟು

ಟಿವಿಯನ್ನು ಎತ್ತಿ ಹಾಕಲಿಲ್ಲ. ಬಟ್ಟೆ ಮುಚ್ಚಿ ಇಟ್ಟರು. ತಿಂಗಳ ಮೊದಲ ಭಾನುವಾರ 11–14ರ ಗುಂಪಿಗೆ ಮಾತ್ರ ಬಟ್ಟೆ ಸರಿಯುತ್ತದೆ. 3 ನಿಮಿಷದ ತುಣುಕು, ಪೆನ್‌ಡ್ರೈವಿನಿಂದ, ನೆಟ್ ಇಲ್ಲ. ಎರಡು ಸಲ ತೋರಿಸುತ್ತಾರೆ, ಎರಡನೆಯ ಸಲ ಸದ್ದು ತೆಗೆದು. ಸಂಗೀತ ಇಲ್ಲದಾಗ ನಿಮಗೆ ಏನನ್ನಿಸಿತು, ಇದನ್ನು ಮಾಡಿದವರು ಯಾರು, ನೋಡಿದವರು ಏನು ಮಾಡಲೆಂದು ಬಯಸುತ್ತಾರೆ, ಸತ್ಯವೇದದಲ್ಲಿ ಇಲ್ಲದ್ದು ಏನು ಸೇರಿದೆ ಎಂದು ಕೇಳುತ್ತಾರೆ. ದಾವೀದನ ವಿಡಿಯೊವನ್ನು 1 ಸಮುವೇಲ 17ರ ಜೊತೆ ಇಟ್ಟು ನೋಡಿದಾಗ ಸೌಲನ ಕವಚದ ಪ್ರಸಂಗವೇ ವಿಡಿಯೊದಲ್ಲಿ ಇಲ್ಲವೆಂದು ಮಕ್ಕಳೇ ಕಂಡುಹಿಡಿದರು. ಅಭ್ಯಾಸವಿಲ್ಲದ ಕವಚ ಬಿಚ್ಚಿ, ತನಗೆ ಗೊತ್ತಿದ್ದ ಕವಣೆ, ಹಳ್ಳದ 5 ನುಣುಪು ಕಲ್ಲು ಹಿಡಿದು ಹೋದವನು ದಾವೀದ. ಈ ಸಭೆಗೆ ಆ ಸಾಲುಗಳು ಬೇರೊಂದು ಬಗೆಯಲ್ಲೂ ತಾಗಿದವು.

ಇದೇ ಗುಂಪಿನಲ್ಲಿ ವಾಟ್ಸಾಪ್ ಫಾರ್ವರ್ಡುಗಳನ್ನೂ ಹರಡಿ ಕೂಡುತ್ತಾರೆ. "10 ಜನರಿಗೆ ಕಳಿಸಿದರೆ ಆಶೀರ್ವಾದ, ಕಳಿಸದಿದ್ದರೆ ಕೇಡು" ಎಂಬ ಸಂದೇಶ ದೇವರನ್ನು ಹೇಗೆ ತೋರಿಸುತ್ತದೆ? ಎಐ ಮಾಡಿದ ಅದ್ಭುತದ ಚಿತ್ರವನ್ನು ನಿಜವೆಂದು ಹಂಚಿದರೆ ಅದು ಸಾಕ್ಷಿಯೋ, ಸುಳ್ಳುಸಾಕ್ಷಿಯೋ? ಬೇರೆ ಧರ್ಮದ ನೆರೆಯವರನ್ನು ಹಳಿಯುವ ವಿಡಿಯೊ ಬಂದರೆ ಏನು ಮಾಡಬೇಕು? ಮಕ್ಕಳು ಇಲ್ಲಿ ತೀವ್ರವಾಗಿ ಮಾತಾಡುತ್ತಾರೆ, ಏಕೆಂದರೆ ಅವರ ಮನೆಯವರೂ ಇಂಥದನ್ನು ಕಳಿಸಿರುತ್ತಾರೆ. ಇನ್‌ಸ್ಟಾಗ್ರಾಂ, ವಾಟ್ಸಾಪ್ ಖಾತೆಗೆ ಕನಿಷ್ಠ ವಯಸ್ಸು 13 ಎಂಬುದು ಬಹುತೇಕ ಪಾಲಕರಿಗೆ ಗೊತ್ತೇ ಇರಲಿಲ್ಲ. ಸುಳ್ಳು ಹುಟ್ಟಿದ ದಿನಾಂಕ ಹಾಕಿ ಖಾತೆ ತೆರೆದುಕೊಟ್ಟವರೂ ಅವರೇ.

ಮನೆಯವರೊಡನೆ

"ಅಡಗಿ ಮಾಡೂತನಕ ಕೈಯಾಗ ಮೊಬೈಲ್ ಕೊಟ್ರ ಸುಮ್ಮ ಕುಂದರ್ತಾನ್ರಿ, ಇಲ್ಲಂದ್ರ ನಾ ಏನ್ ಮಾಡ್ಲಿ?" ಎಂದು ತಾಯಿಯೊಬ್ಬರು ಕೇಳಿದ ಪ್ರಶ್ನೆಗೆ ಉಪದೇಶ ಉತ್ತರವಾಗದು. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆಯನ್ನು ಒಂದು ಚೀಟಿಯಲ್ಲಿ ಕೊಟ್ಟರು: 2 ವರ್ಷದೊಳಗೆ ವಿಡಿಯೊ ಕರೆ ಬಿಟ್ಟರೆ ಪರದೆ ಬೇಡ, 2ರಿಂದ 5 ವರ್ಷಕ್ಕೆ ದಿನಕ್ಕೆ ಗರಿಷ್ಠ 1 ಗಂಟೆ, 5ರಿಂದ 10ಕ್ಕೆ 2 ಗಂಟೆಗಿಂತ ಕಡಿಮೆ. ಜೊತೆಗೆ ಮನೆಗೆ ಒಂದೇ ಕೋರಿಕೆ: ದಿನಕ್ಕೆ ಒಂದು ಊಟ, ತಾಟಿನ ಮುಂದೆ ಫೋನ್ ಇಲ್ಲದೆ, ಅಪ್ಪನದೂ ಸೇರಿ.

ಧರ್ಮೋಪದೇಶಕಾಂಡದ 6ನೇ ಅಧ್ಯಾಯ ಮಕ್ಕಳಿಗೆ ಕಲಿಸುವ ಹೊಣೆಯನ್ನು ಮನೆಯಲ್ಲಿ ಕೂತಾಗ, ದಾರಿ ನಡೆವಾಗ, ಮಲಗುವಾಗ, ಏಳುವಾಗ ಎಂದು ಪಾಲಕರಿಗೇ ಕೊಡುತ್ತದೆ. ವಾರಕ್ಕೆ 45 ನಿಮಿಷದ ಸಂಡೇ ಸ್ಕೂಲ್ ಅದಕ್ಕೆ ಆಸರೆ ಮಾತ್ರ. ಭಾನುವಾರ ಸಂಜೆ ಪಾಲಕರ ವಾಟ್ಸಾಪ್ ಗುಂಪಿಗೆ ಒಂದೇ ಪ್ರಶ್ನೆ ಹೋಗುತ್ತದೆ, ಊಟದ ಹೊತ್ತಿಗೆ ಮಗುವನ್ನು ಕೇಳಲಿಕ್ಕೆ. ಮೊದಲು ಶಿಕ್ಷಕರು ಪಾಠದ ಸಾರಾಂಶ, ಚಿತ್ರ, ಹಾಡಿನ ಲಿಂಕ್ ಎಲ್ಲ ಕಳಿಸುತ್ತಿದ್ದರು. ಲಿಂಕ್ ಕಂಡೊಡನೆ ಫೋನ್ ಮತ್ತೆ ಮಗುವಿನ ಕೈಗೆ ಹೋಗುತ್ತಿತ್ತು. ಲಿಂಕ್ ನಿಲ್ಲಿಸಿದರು. ಶಿಫ್ಟ್ ಕೆಲಸದ ಮನೆಗಳಲ್ಲಿ ಒಟ್ಟಿಗೆ ಊಟವೇ ಇರುವುದಿಲ್ಲ. ಅಲ್ಲಿ ಬೈಕಿನಲ್ಲಿ ಶಾಲೆಗೆ ಬಿಡುವ ಹತ್ತು ನಿಮಿಷ ಆ ಪ್ರಶ್ನೆಯ ಹೊತ್ತಾಯಿತು.

ಸುರಕ್ಷತೆ

ಇದನ್ನು ಚರ್ಚೆಗೆ ಬಿಡುವ ವಿಷಯ ಎಂದು ನಾವು ತಿಳಿಯುವುದಿಲ್ಲ. ಒಬ್ಬ ದೊಡ್ಡವರು ಒಂದು ಮಗುವಿನೊಡನೆ ಮುಚ್ಚಿದ ಬಾಗಿಲ ಹಿಂದೆ ಇರಕೂಡದು. ಶಿಕ್ಷಕರು ಮಕ್ಕಳಿಗೆ ಖಾಸಗಿ ಸಂದೇಶ ಕಳಿಸಕೂಡದು, ಪಾಲಕರಿರುವ ಗುಂಪಿನಲ್ಲೇ ಮಾತು. ಮಕ್ಕಳ ಹಾಡು, ನಾಟಕವನ್ನು ಫೇಸ್‌ಬುಕ್‌ಗೂ ಸ್ಟೇಟಸ್‌ಗೂ ಹಾಕುವ ರೂಢಿ ಈ ಸಭೆಯಲ್ಲಿತ್ತು, ನಿಲ್ಲಿಸಿದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಎಣಿಸಿ ಅವರ ದತ್ತಾಂಶಕ್ಕೆ ಪಾಲಕರ ಒಪ್ಪಿಗೆ ಕೇಳುತ್ತದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಭೆಯ ಹಿರಿಯರು ಒಳಗೊಳಗೇ ರಾಜಿ ಮಾಡಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಪ್ರತಿ ಗುಂಪಿನ ಗೋಡೆಗೂ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿದ್ದಾರೆ. ಬೇರೆ ಧರ್ಮದ ನೆರೆಮನೆಗಳ ಮಕ್ಕಳು ಬಂದರೆ, ಇಲ್ಲಿ ಸತ್ಯವೇದ ಕಲಿಸುತ್ತೇವೆಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ಪತ್ರಕ್ಕೆ ತಂದೆತಾಯಿಯ ಸಹಿ ಬರುವವರೆಗೆ ತರಗತಿಗೆ ಕೂಡಿಸುವುದಿಲ್ಲ.

ಎಡವಿದ ಕಡೆಗಳು

ಟಿವಿ ಮುಚ್ಚಿದ ಮೊದಲ ಆರು ವಾರ ಹಾಜರಿ 17ಕ್ಕೆ ಕುಸಿಯಿತು. ಹಿರಿಯರ ಸಮಿತಿಯಲ್ಲಿ "ಮಕ್ಕಳು ಬರೋದ ಬಿಟ್ರು, ಮತ್ತ ಹಚ್ರಿ" ಎಂಬ ಒತ್ತಾಯ ಬಂತು. ಹಾಜರಿಯ ಜೊತೆಗೆ ಕಥೆ ಮರಳಿ ಹೇಳಬಲ್ಲವರ ಲೆಕ್ಕವನ್ನೂ ಇಟ್ಟಿದ್ದರಿಂದ ಶಿಕ್ಷಕರು ನಿಲ್ಲಬಲ್ಲವರಾದರು: ಆ 17ರಲ್ಲಿ 8 ಮಂದಿ ಹೇಳುತ್ತಿದ್ದರು. ಪದವಿ ಪರೀಕ್ಷೆ ಬಂದಾಗ ಯುವಜನ ಸಂಘದ ಇಬ್ಬರೂ ಒಟ್ಟಿಗೇ ಬಿಟ್ಟುಹೋದರು. ಗುಂಪುಗಳನ್ನು ಮತ್ತೆ ಕೂಡಿಸಬೇಕಾಯಿತು. ಪರೀಕ್ಷೆಯ ದಿನಗಳನ್ನು ಮೊದಲೇ ಕೇಳಿ ಬದಲಿಯವರನ್ನು ಗೊತ್ತುಮಾಡಬೇಕಿತ್ತು.

ದೊಡ್ಡ ತಪ್ಪು ಮೇ ತಿಂಗಳ ವಿಬಿಎಸ್‌ನಲ್ಲಾಯಿತು (ಬೇಸಿಗೆ ರಜೆಯ ಬೈಬಲ್ ಶಾಲೆ). ಐದು ದಿನ, ದೊಡ್ಡ ಸ್ಪೀಕರ್, ರೆಕಾರ್ಡ್ ಹಾಡು, ಮತ್ತೆ ಟಿವಿ. ನೂರರ ಹತ್ತಿರ ಮಕ್ಕಳು ಸೇರಿದರು. ಜೂನಿನಲ್ಲಿ ಸಂಡೇ ಸ್ಕೂಲಿಗೆ ಹೊಸದಾಗಿ ಬಂದವರು ಇಬ್ಬರು. ಉಳಿದವರ ಹೆಸರು, ಮನೆಯ ವಿವರವನ್ನು ಯಾರೂ ಬರೆದಿಟ್ಟಿರಲಿಲ್ಲ, ಗುಂಪಿಗೊಬ್ಬ ಶಿಕ್ಷಕರು ಎಂಬುದೂ ಇರಲಿಲ್ಲ. ಮುಂದಿನ ವಿಬಿಎಸ್‌ಗೆ 8 ಮಕ್ಕಳಿಗೆ ಒಬ್ಬರಂತೆ ಎಷ್ಟು ಶಿಕ್ಷಕರು ಸಿಗುತ್ತಾರೋ ಅಷ್ಟೇ ಮಕ್ಕಳನ್ನು ಸೇರಿಸಿಕೊಳ್ಳುವುದೆಂದು ತೀರ್ಮಾನವಾಗಿದೆ.

ಒಂಬತ್ತು ತಿಂಗಳ ಹೊತ್ತಿಗೆ

ಹಾಜರಿ 27. ಕಥೆಯನ್ನು ಮರಳಿ ಹೇಳುವವರು 17. ಸಾಮಾನಿಗೆ ತಗುಲಿದ್ದು ತಿಂಗಳಿಗೆ 400 ರೂಪಾಯಿಯೊಳಗೆ: ಚಾರ್ಟು, ಬಣ್ಣ, ಗೋಂದು. 13–14ರ ಹುಡುಗರು ಮಾತ್ರ ಇನ್ನೂ ನಿಲ್ಲುತ್ತಿಲ್ಲ. ಭಾನುವಾರದ ಟ್ಯೂಷನ್, ಕ್ರಿಕೆಟ್, ರಾತ್ರಿ ತಡವಾಗಿ ಆಡುವ ಮೊಬೈಲ್ ಗೇಮ್ ಮೂರೂ ಅವರನ್ನು ಎಳೆಯುತ್ತವೆ. ಅವರಲ್ಲಿ ನಾಲ್ವರಿಗೆ ಈಗ 4–6ರ ಗುಂಪಿನಲ್ಲಿ ಕೆಲಸ ಕೊಟ್ಟಿದ್ದಾರೆ. ಒಬ್ಬ ಚಾಪೆ ಹಾಸುತ್ತಾನೆ, ಒಬ್ಬ ಫ್ಲ್ಯಾನಲ್ ಬೋರ್ಡಿನ ಚಿತ್ರಗಳನ್ನು ಸರದಿಯಲ್ಲಿ ಜೋಡಿಸಿ ಕೊಡುತ್ತಾನೆ, ಇಬ್ಬರು ಅಳುವ ಪುಟ್ಟವರನ್ನು ಬಾಗಿಲಿಂದ ಕೈಹಿಡಿದು ಕರೆತರುತ್ತಾರೆ. ಮೂರು ಭಾನುವಾರದಿಂದ ನಾಲ್ವರೂ ತಪ್ಪಿಲ್ಲ. ಬೋರ್ಡಿನ ಹುಡುಗ ಮುಂದಿನ ತಿಂಗಳ ಒಂದು ಕಥೆಯನ್ನು ತಾನೇ ಹೇಳುತ್ತೇನೆಂದು ಕೇಳಿದ್ದಾನೆ. ನೋಹನ ಕಥೆ, ನಾಲ್ಕು ದೃಶ್ಯ. ಬುಧವಾರ ಸಂಜೆ ಪುಸ್ತಕ ಮುಚ್ಚಿ ಒಮ್ಮೆ ಶಿಕ್ಷಕಿಯ ಮುಂದೆ ಹೇಳಿ ತೋರಿಸಬೇಕು.